ಮೋಟಾರಿನೊಳಗಣ ಬೆಳಕು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ಕಾರಿನ ದೀಪಕ್ಕೇನು ಕೆಲಸ ಎಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ಕೇಳುವುದು ನ್ಯಾಯವೂ ಹೌದು. ಕಾವ್ಯಮೀಮಾಂಸೆ, ಇತಿಹಾಸ, ಅರ್ಥಶಾಸ್ತ್ರಗಳ ನಡುವೆ ವೋಲ್ಟು, ಆಂಪಿಯರುಗಳ ಪ್ರಸ್ತಾಪವು ಕರೆಯದೆ ಬಂದ ನೆಂಟನಂತೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಇಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಗಳಲ್ಲಿ ಹಳೆಯದೋ ಹೊಸದೋ ಒಂದು ಕಾರು ಇದೆ. ಆ ಕಾರಿನೊಳಗಿನ ಮಂಕು ಬಲ್ಬನ್ನು ಕಿತ್ತು, ಬೆಳ್ಳಗೆ ಹೊಳೆಯುವ ಎಲ್‌ಇಡಿಯನ್ನು ಕೂರಿಸುವುದು ರಜೆಯ ದಿನದ ಒಂದು ಹವ್ಯಾಸವಾಗಿದೆ. ಕೈಕೆಲಸವೇನೋ ಸಣ್ಣದು, ಅದರ ಹಿಂದಿರುವ ವಿಚಾರ ಸಣ್ಣದಲ್ಲ. ತಿಳಿದು ಮಾಡಿದರೆ ಅನುಕೂಲವುಂಟು. ತಿಳಿಯದೆ ಮಾಡಿದರೆ ಕಣ್ಣಿಗೂ ಗಾಡಿಗೂ ಅಪಾಯವುಂಟು. ಹುಳಿಮಾವಿನಲ್ಲಿರುವ ನಮ್ಮ ಮನೆಯ ಮುಂದೆ ನಾನೇ ನಿಂತು ಈ ಕೆಲಸವನ್ನು ಮಾಡಿದ್ದೇನೆ. ಆ ಅನುಭವವನ್ನೂ ಅದಕ್ಕೆ ಆಧಾರವಾದ ತತ್ತ್ವಗಳನ್ನೂ, ಭೌತಶಾಸ್ತ್ರವನ್ನು ಓದದವರಿಗೂ ತಿಳಿಯುವಂತೆ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಈ ದೀಪದ ವಂಶಾವಳಿಯನ್ನು ನೋಡೋಣ. ಶಿವನಸಮುದ್ರದಲ್ಲಿ ೧೯೦೨ರಲ್ಲಿ ವಿದ್ಯುತ್ತಿನ ಉತ್ಪಾದನೆ ಆರಂಭವಾಗಿ, ಅದು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಇದಾದ ಎರಡೇ ವರ್ಷಕ್ಕೆ, ಅಂದರೆ ೧೯೦೭ರಲ್ಲಿ, ಎಚ್. ಜೆ. ರೌಂಡ್ ಎಂಬ ಇಂಗ್ಲಿಷ್ ಎಂಜಿನಿಯರು ಸಿಲಿಕಾನ್ ಕಾರ್ಬೈಡಿನ ಹರಳಿನಲ್ಲಿ ವಿದ್ಯುತ್ತನ್ನು ಹಾಯಿಸಿದಾಗ ಅದು ಮಂದವಾಗಿ ಬೆಳಗುವುದನ್ನು ಕಂಡು, ಕೆಲವೇ ಸಾಲುಗಳಲ್ಲಿ ಒಂದು ಪತ್ರಿಕೆಗೆ ಬರೆದು ತಿಳಿಸಿದನು. ೧೯೨೦ರ ದಶಕದಲ್ಲಿ ರಷ್ಯದ ಒಲೆಗ್ ಲೋಸೆವ್ ಅದೇ ಬೆಳಕನ್ನು ಹಿಡಿದು ಅಭ್ಯಾಸ ಮಾಡಿದನು. ಉಪಯೋಗಕ್ಕೆ ಬರುವಂಥ ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ ೧೯೬೨ರಲ್ಲಿ ಮಾಡಿ ತೋರಿಸಿದನು. ಕೆಂಪು ಬಂತು, ಹಸುರು ಬಂತು. ನೀಲಿ ಮಾತ್ರ ಬಹುಕಾಲ ಕೈಗೆ ಸಿಕ್ಕಲಿಲ್ಲ. ಜಪಾನಿನ ಅಕಾಸಾಕಿ, ಅಮಾನೊ ಮತ್ತು ನಕಾಮುರ ಎಂಬ ಮೂವರ ದೀರ್ಘ ಪರಿಶ್ರಮದ ಫಲವಾಗಿ ೧೯೯೦ರ ದಶಕದಲ್ಲಿ ಪ್ರಖರವಾದ ನೀಲಿ ದೀಪ ಸಿದ್ಧವಾಯಿತು. ಅದಕ್ಕಾಗಿಯೇ ೨೦೧೪ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ನೀಲಿ ಹರಳಿನ ಮೇಲೆ ಹಳದಿ ಬೆಳಕನ್ನು ಬೀರುವ ಒಂದು ಪುಡಿಯನ್ನು ಲೇಪಿಸಿದರೆ ಎರಡೂ ಬೆರೆತು ಕಣ್ಣಿಗೆ ಬಿಳಿಯ ಬೆಳಕಾಗಿ ಕಾಣುತ್ತದೆ. ಇಂದು ನಮ್ಮ ಮನೆಗಳಲ್ಲಿ ಉರಿಯುವ ಬಿಳಿಯ ಎಲ್‌ಇಡಿಯ ಗುಟ್ಟು ಇಷ್ಟೇ. ೨೦೧೫ರಲ್ಲಿ ಕೇಂದ್ರ ಸರ್ಕಾರದ ಯೋಜನೆಯಡಿ ಕಡಿಮೆ ಬೆಲೆಯ ಎಲ್‌ಇಡಿ ಬಲ್ಬುಗಳ ಹಂಚಿಕೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಿಂದ ಮನೆಮನೆಗೆ ಬಂದದ್ದು ಅನೇಕರಿಗೆ ನೆನಪಿರಬಹುದು.

ಹಳೆಯ ಬಲ್ಬಿಗೂ ಎಲ್‌ಇಡಿಗೂ ಇರುವ ಭೇದ ಬರಿಯ ಬಣ್ಣದ ಭೇದವಲ್ಲ. ಬೆಳಕು ಹುಟ್ಟುವ ಬಗೆಯೇ ಬೇರೆ. ಹಳೆಯ ಬಲ್ಬಿನೊಳಗೆ ಕೂದಲೆಳೆಯಂಥ ಟಂಗ್‌ಸ್ಟನ್ ತಂತಿಯೊಂದಿದೆ. ವಿದ್ಯುತ್ತು ಹರಿದಾಗ ಅದು ೨,೦೦೦ ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯುತ್ತದೆ, ಕಾದದ್ದರಿಂದ ಬೆಳಗುತ್ತದೆ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕೆಂಪಾಗುವುದೂ ಇದೇ ನ್ಯಾಯದಿಂದ. ಇಲ್ಲಿ ಮುಖ್ಯವಾದ ಉತ್ಪನ್ನ ಶಾಖ. ಬೆಳಕು ಅದರ ಜೊತೆಗೆ ಬಂದ ಕೊಸರು. ಎಲ್‌ಇಡಿಯಲ್ಲಿ ಕಾಯಿಸುವ ಮಾತಿಲ್ಲ. ಎರಡು ಬಗೆಯ ಅರೆವಾಹಕಗಳು ಕೂಡುವ ಎಡೆಯಲ್ಲಿ ಎಲೆಕ್ಟ್ರಾನುಗಳು ಹೆಚ್ಚಿನ ಶಕ್ತಿಯ ಮಟ್ಟದಿಂದ ಕಡಿಮೆ ಶಕ್ತಿಯ ಮಟ್ಟಕ್ಕೆ ಇಳಿಯುತ್ತವೆ. ಇಳಿಯುವಾಗ ಬಿಟ್ಟುಕೊಟ್ಟ ಶಕ್ತಿಯೇ ಬೆಳಕಾಗುತ್ತದೆ. ಧುಮುಕುವ ಎತ್ತರ ಕಡಿಮೆಯಾದರೆ ಕೆಂಪು, ಹೆಚ್ಚಾದರೆ ನೀಲಿ. ಕಾರಿನೊಳಗೆ ಬಳಸುವ ೫ ವಾಟಿನ ಹಳೆಯ ಬಲ್ಬು ಸುಮಾರು ೪೫ರಿಂದ ೫೦ ಲ್ಯೂಮೆನ್ ಬೆಳಕು ಕೊಡುತ್ತದೆ. ಅಷ್ಟೇ ಬೆಳಕನ್ನು ಕೊಡಲು ಎಲ್‌ಇಡಿಗೆ ಅರ್ಧದಿಂದ ಒಂದು ವಾಟು ಸಾಕು.

ಇದರಿಂದ ಕಾರಿಗೆ ಆಗುವ ಲಾಭವೇನು? ಪೆಟ್ರೋಲು ಉಳಿಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಉಳಿದರೂ ಅದು ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಲಾಭವಿರುವುದು ಗಾಡಿ ನಿಂತಿರುವಾಗ. ಸಣ್ಣ ಕಾರಿನ ಬ್ಯಾಟರಿ ೩೫ ಆಂಪಿಯರ್-ಗಂಟೆಯದೆಂದು ಇಟ್ಟುಕೊಳ್ಳೋಣ. ಡಿಕ್ಕಿಯ ಬಾಗಿಲು ಸರಿಯಾಗಿ ಮುಚ್ಚದೆ, ಚಾವಣಿಯ ದೀಪವೂ ಡಿಕ್ಕಿಯ ದೀಪವೂ ಸೇರಿ ೧೦ ವಾಟು ಉರಿಯುತ್ತಲೇ ಇದ್ದರೆ, ೧೨ ವೋಲ್ಟಿನಲ್ಲಿ ಸುಮಾರು ೦.೮೩ ಆಂಪಿಯರು ಹರಿಯುತ್ತದೆ. ೨೧ ಗಂಟೆಗಳಲ್ಲಿ ಬ್ಯಾಟರಿಯ ಅರ್ಧ ಬರಿದಾಗುತ್ತದೆ; ಹಳೆಯ ಬ್ಯಾಟರಿಯಾದರೆ ಆ ಹೊತ್ತಿಗೆ ಎಂಜಿನ್ನನ್ನು ತಿರುಗಿಸುವ ತ್ರಾಣ ಅದರಲ್ಲಿ ಉಳಿದಿರುವುದು ಸಂದೇಹ. ಶನಿವಾರ ಸಂಜೆ ನಿಲ್ಲಿಸಿದ ಗಾಡಿ ಭಾನುವಾರ ಸಂಜೆಗೆ ಮಿಸುಕದು. ಅದೇ ಎರಡು ದೀಪಗಳು ಎಲ್‌ಇಡಿಯಾಗಿ ಒಟ್ಟು ೧.೨ ವಾಟು ಮಾತ್ರ ಬೇಡಿದರೆ ಹರಿಯುವುದು ೦.೧ ಆಂಪಿಯರು, ಅದೇ ಅರ್ಧ ಬರಿದಾಗಲು ಏಳು ದಿನಗಳಿಗೂ ಮಿಕ್ಕಿ ಬೇಕು. ಇದರ ಜೊತೆಗೆ ಎಲ್‌ಇಡಿಯಲ್ಲಿ ಕುಲುಕಾಟಕ್ಕೆ ಕಡಿಯುವ ತಂತಿಯಿಲ್ಲದ ಕಾರಣ ನಮ್ಮ ರಸ್ತೆಗಳ ಹಳ್ಳದಿಣ್ಣೆಗಳನ್ನು ಅದು ಚೆನ್ನಾಗಿ ತಾಳಿಕೊಳ್ಳುತ್ತದೆ.

ಇಷ್ಟನ್ನು ಕೇಳಿದವರು, ‘ಹಾಗಾದರೆ ಹಳೆಯ ೫ ವಾಟನ್ನೇ ಎಲ್‌ಇಡಿಗೂ ಕೊಟ್ಟು ಹತ್ತು ಪಟ್ಟು ಬೆಳಕನ್ನು ಏಕೆ ಪಡೆಯಬಾರದು?’ ಎಂದು ಕೇಳುತ್ತಾರೆ. ಅಂಗಡಿಯವರೂ ಅದನ್ನೇ ಹೇಳುತ್ತಾರೆ. ‘ಇದು ಹಾಕ್ಕೊಳ್ಳಿ ಸಾರ್, ಒಳಗೆ ಹಗಲಾಗೋಗುತ್ತೆ’ ಎಂದು ನನಗೂ ಒಬ್ಬರು ಹೇಳಿದರು. ಕಾರಿನೊಳಗೆ ಹಗಲಾಗಬೇಕೆ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ರಾತ್ರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವರೆಲ್ಲರಿಗೂ ಒಂದು ಅನುಭವವಿದೆ. ಒಳಗೆ ದೀಪ ಉರಿಯುತ್ತಿರುವಷ್ಟು ಹೊತ್ತು ಗಾಜಿನಲ್ಲಿ ಕಾಣುವುದು ನಮ್ಮ ಮುಖವೇ. ಹೊರಗಿನ ಮರವಾಗಲಿ ಮನೆಯಾಗಲಿ ಕಾಣದು. ನಿರ್ವಾಹಕರು ಚೀಟಿ ಕೊಟ್ಟು ಮುಗಿಸಿ ದೀಪಗಳನ್ನು ಆರಿಸಿದೊಡನೆ ಮುಖ ಮಾಯವಾಗಿ ಹೊಲ, ಗುಡ್ಡ, ನಕ್ಷತ್ರಗಳು ಕಾಣುತ್ತವೆ. ಗಾಜು ಮೊದಲೂ ಅದೇ, ಆಮೇಲೂ ಅದೇ. ಗಾಜಿನ ಎರಡು ಮುಖಗಳೂ ಸೇರಿ ತಮ್ಮ ಮೇಲೆ ನೇರವಾಗಿ ಬಿದ್ದ ಬೆಳಕಿನ ನೂರರಲ್ಲಿ ಸುಮಾರು ೮ ಭಾಗವನ್ನು ಹಿಂದಕ್ಕೆ ಕಳುಹಿಸುತ್ತವೆ. ಓರೆಯಾಗಿ ಬಿದ್ದರೆ ಇನ್ನೂ ಹೆಚ್ಚು. ಕಾರಿನ ಮುಂದಿನ ಗಾಜು ಓರೆಯಾಗಿಯೇ ಇರುವುದಷ್ಟೆ. ಹಗಲಿನಲ್ಲಿ ಹೊರಗಿನ ಬೆಳಕು ಅಗಾಧವಾದುದರಿಂದ ಈ ಪ್ರತಿಬಿಂಬ ನಮ್ಮ ಗಮನಕ್ಕೆ ಬಾರದು. ರಾತ್ರಿ ಹೊರಗಿನಿಂದ ಬರುವ ಬೆಳಕೇ ಸ್ವಲ್ಪ. ಒಳಗಿನ ಪ್ರತಿಬಿಂಬ ಅದನ್ನು ನುಂಗಿಬಿಡುತ್ತದೆ. ಕಪ್ಪು ಬಟ್ಟೆ ತೊಟ್ಟು ರಸ್ತೆಯನ್ನು ದಾಟುತ್ತಿರುವ ಮನುಷ್ಯ ಹೀಗೆ ನುಂಗಿಹೋಗುವ ವಸ್ತುಗಳಲ್ಲಿ ಮೊದಲನೆಯವನು. ರಾತ್ರಿಯ ಬಸ್ಸುಗಳಲ್ಲಿ ಚಾಲಕರು ಒಳದೀಪಗಳನ್ನು ಆರಿಸುವುದು ಪ್ರಯಾಣಿಕರ ನಿದ್ರೆಗಾಗಿ ಮಾತ್ರವಲ್ಲ.

ಎರಡನೆಯ ಕಾರಣ ಕಣ್ಣಿನಲ್ಲೇ ಇದೆ. ಬೆಳಕಿನಿಂದ ಕತ್ತಲೆಗೆ ಹೋದರೆ ಕಣ್ಣು ಕೂಡಲೇ ಹೊಂದಿಕೊಳ್ಳದು. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಸೂಕ್ಷ್ಮ ದಂಡಕೋಶಗಳಲ್ಲಿ ಒಂದು ವರ್ಣದ್ರವ್ಯವಿದೆ. ಪ್ರಖರವಾದ ಬೆಳಕು ತಾಗಿದರೆ ಅದು ಬಣ್ಣಗೆಟ್ಟು, ಮತ್ತೆ ಕೂಡಿಕೊಳ್ಳಲು ೨೦ರಿಂದ ೩೦ ನಿಮಿಷ ಹಿಡಿಯುತ್ತದೆ. ಓಡುವ ಕಾರಿನಲ್ಲಿ ಯಾರೋ ಬಿದ್ದ ನಾಣ್ಯ ಹುಡುಕಲು ಚಾವಣಿಯ ಪ್ರಖರ ದೀಪವನ್ನು ಒಂದು ನಿಮಿಷ ಹೊತ್ತಿಸಿದರೂ ಚಾಲಕನ ಕಣ್ಣು ಅದರ ಸಾಲವನ್ನು ಬಹಳ ಹೊತ್ತು ತೀರಿಸಬೇಕಾಗುತ್ತದೆ. ಹುಳಿಮಾವಿನಿಂದ ದಕ್ಷಿಣಕ್ಕೆ ಗೊಟ್ಟಿಗೆರೆಯನ್ನು ದಾಟಿ ಬನ್ನೇರುಘಟ್ಟದ ಕಡೆಗೆ ರಾತ್ರಿಯಲ್ಲಿ ಹೋದವರಿಗೆ, ಅಂಗಡಿಗಳ ಝಗಝಗ ಮುಗಿದು ಕತ್ತಲೆ ಆರಂಭವಾಗುವ ಕಡೆ ಕಣ್ಣು ಹೇಗೆ ತಡವರಿಸುತ್ತದೆಂಬುದು ಗೊತ್ತಿದೆ.

ಹೀಗೆಂದ ಮೇಲೆ ಒಳಗಿನ ಬೆಳಕನ್ನು ಹೆಚ್ಚಿಸುವುದೇ ಬೇಡವೆಂದು ತೀರ್ಮಾನಿಸಬಹುದಿತ್ತು. ಆದರೆ ಅದಕ್ಕೆ ವಿರುದ್ಧವಾದ ಒಂದು ಅಗತ್ಯವೂ ನಮ್ಮ ಮನೆಯಲ್ಲಿತ್ತು. ನಮ್ಮ ತಾಯಿಯವರಿಗೆ ೭೮ ವರ್ಷ. ಬನ್ನೇರುಘಟ್ಟ ರಸ್ತೆಯಿಂದ ಒಳಕ್ಕೆ ತಿರುಗಿದರೆ ನಮ್ಮ ಅಡ್ಡರಸ್ತೆ ಇಕ್ಕಟ್ಟು. ಗಾಡಿಯಿಂದ ಇಳಿಯುವ ಕಡೆ ಚರಂಡಿಯ ಮೇಲೆ ಚಪ್ಪಡಿಗಳನ್ನು ಹಾಸಿದೆ, ಚಪ್ಪಡಿಗಳ ನಡುವೆ ಸಂದುಗಳಿವೆ. ಸಂಜೆಯ ಮೇಲೆ ವೈದ್ಯರಲ್ಲಿಗೆ ಹೋಗಿಬಂದಾಗಲೆಲ್ಲ ಅವರು ಬಾಗಿಲು ತೆರೆದು, ಕಾಲನ್ನು ಎಲ್ಲಿ ಊರಬೇಕೆಂದು ತಿಳಿಯದೆ ಅರೆಗಳಿಗೆ ತಡೆಯುತ್ತಿದ್ದರು. ವೃದ್ಧರಿಗೆ ಒಂದು ಸಲ ಬಿದ್ದು ತೊಡೆಯ ಮೂಳೆ ಮುರಿದರೆ ಆಮೇಲಿನ ಬಾಳು ಹೇಗಿರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಹರೆಯದವನ ಅಕ್ಷಿಪಟಲಕ್ಕೆ ತಲಪುವ ಬೆಳಕಿನ ಸುಮಾರು ಮೂರರಲ್ಲಿ ಒಂದು ಭಾಗ ಮಾತ್ರ ಅರುವತ್ತರವನಿಗೆ ತಲಪುತ್ತದೆ. ನನಗೆ ಸಾಕೆನಿಸಿದ ಬೆಳಕು ಅವರಿಗೆ ಸಾಲದೆ ಹೋದದ್ದು ಸಹಜವೇ. ಚಾವಣಿಯ ದೀಪ ಉರಿಯುತ್ತಿತ್ತಾದರೂ ಆಸನದ ನೆರಳೂ ಮೊಣಕಾಲಿನ ನೆರಳೂ ಪಾದದ ಬಳಿಯೇ ಬೀಳುತ್ತಿದ್ದವು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು.

ಹೀಗೆ ಒಂದೇ ಗಾಡಿಯಲ್ಲಿ ಚಾಲಕನಿಗೆ ಕತ್ತಲೆ ಬೇಕು, ಇಳಿಯುವವರಿಗೆ ಬೆಳಕು ಬೇಕು. ಬಲ್ಬಿನ ಶಕ್ತಿಯನ್ನು ಹೆಚ್ಚಿಸುವುದರಿಂದ ಈ ವಿರೋಧ ಬಗೆಹರಿಯುವುದಿಲ್ಲ. ಬೆಳಕು ಎಷ್ಟು ಎಂಬುದನ್ನು ಬಿಟ್ಟು ಎಲ್ಲಿ, ಯಾವಾಗ ಎಂದು ಕೇಳಿದರೆ ಮಾತ್ರ ಬಗೆಹರಿಯುತ್ತದೆ. ಚಾವಣಿಯ ದೀಪ ಹಳೆಯ ಬಲ್ಬಿನಷ್ಟೇ ಬೆಳಗಲಿ. ಪಾದದ ಬಳಿ, ಕೆಳಮುಖವಾಗಿ, ಬಾಗಿಲು ತೆರೆದಾಗ ಮಾತ್ರ ಹೊತ್ತಿಕೊಳ್ಳುವ ಇನ್ನೊಂದು ಸಣ್ಣ ದೀಪವಿರಲಿ: ಇದು ನಾನು ಕಂಡುಕೊಂಡ ಮಾರ್ಗ. ಇನ್ನು ಕೆಲಸದ ವಿವರಕ್ಕೆ ಬರುತ್ತೇನೆ.

ಮೊದಲನೆಯದು ಬಲ್ಬಿನ ಆಯ್ಕೆ. ಕಾರಿನ ಒಳದೀಪಗಳಲ್ಲಿ ಎರಡು ಜಾತಿ ಮುಖ್ಯವಾದವು. ಒಂದು ಫೆಸ್ಟೂನ್, ಸಣ್ಣ ಗಾಜಿನ ಕೊಳವೆಯಂತಿದ್ದು ಎರಡು ಕೊನೆಗಳಲ್ಲೂ ಲೋಹದ ಟೊಪ್ಪಿಗೆಯುಳ್ಳದ್ದು. ಇದು ೩೧, ೩೬, ೩೯, ೪೧ ಮಿಲಿಮೀಟರು ಮುಂತಾದ ಉದ್ದಗಳಲ್ಲಿ ಬರುವುದರಿಂದ ಹಳೆಯ ಬಲ್ಬನ್ನು ತೆಗೆದು ಅಳೆದುಕೊಂಡೇ ಅಂಗಡಿಗೆ ಹೋಗಬೇಕು. ಇನ್ನೊಂದು ಟಿ-೧೦ ಎಂಬ, ಬೆಣೆಯಂಥ ಬುಡದ ಬಲ್ಬು. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲೂ, ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳಲ್ಲೂ ಇವೆಲ್ಲ ದೊರೆಯುತ್ತವೆ. ಬಣ್ಣವನ್ನು ಕೆಲ್ವಿನ್ ಎಂಬ ಮಾನದಿಂದ ಹೇಳುತ್ತಾರೆ. ೬,೦೦೦ ಎಂದರೆ ನೀಲಿ ಛಾಯೆಯ ಬಿಳುಪು. ೩,೦೦೦ ಎಂದರೆ ಹಳೆಯ ಬಲ್ಬನ್ನು ಹೋಲುವ ಹಳದಿ ಮಿಶ್ರಿತ ಬಿಳುಪು. ನೀಲಿಯ ಅಂಶಕ್ಕೆ ದಂಡಕೋಶಗಳು ಬೇಗ ಸೋಲುವುದರಿಂದ ನಾನು ೩,೦೦೦ದ್ದನ್ನೇ ಆರಿಸಿದೆ. ಕೆಂಪು ಬೆಳಕು ರಾತ್ರಿದೃಷ್ಟಿಗೆ ಅತ್ಯಂತ ಕಡಿಮೆ ಬಾಧಕವೆಂಬುದು ನಿಜ. ಆದರೆ ಅದರಲ್ಲಿ ಕೆಂಪು ಅಕ್ಷರಗಳೇ ಕಾಣದೆ ಹೋಗುತ್ತವೆ. ಔಷಧಿಯ ಚೀಟಿಯನ್ನು ಓದಬೇಕಾದವರಿಗೆ ಅದು ಪ್ರಯೋಜನವಿಲ್ಲ.

ಅಗ್ಗದ ಎಲ್‌ಇಡಿಗಳು ಕೆಲವೇ ತಿಂಗಳಲ್ಲಿ ಏಕೆ ಸಾಯುತ್ತವೆಂಬುದಕ್ಕೆ ಒಂದು ಸಣ್ಣ ಲೆಕ್ಕವಿದೆ. ಬಿಳಿಯ ಎಲ್‌ಇಡಿಯ ಒಂದು ಹರಳಿಗೆ ಸುಮಾರು ೩ ವೋಲ್ಟು ಬೇಕು. ಮೂರನ್ನು ಸಾಲಾಗಿ ಜೋಡಿಸಿದರೆ ೯ ವೋಲ್ಟು. ಮಿಕ್ಕ ವೋಲ್ಟನ್ನು ತಡೆದುಕೊಳ್ಳಲು ಒಂದು ರೋಧಕವನ್ನು ಸೇರಿಸುತ್ತಾರೆ. ತಯಾರಿಸುವವನು ಕಾರಿನ ಬ್ಯಾಟರಿ ೧೨ ವೋಲ್ಟಿನದೆಂದು ನಂಬಿ, ೨೦ ಮಿಲಿಆಂಪಿಯರು ಹರಿಯಲೆಂದು ಲೆಕ್ಕ ಹಾಕಿದರೆ, ಮಿಕ್ಕ ೩ ವೋಲ್ಟಿಗೆ ೧೫೦ ಓಮ್ ರೋಧಕ ಸಾಕಾಗುತ್ತದೆ. ಆದರೆ ಎಂಜಿನ್ ಓಡುವಾಗ ಆಲ್ಟರ್ನೇಟರು ಬ್ಯಾಟರಿಗೆ ವಿದ್ಯುತ್ತನ್ನು ತುಂಬುತ್ತಿರುವುದರಿಂದ ವೋಲ್ಟು ೧೪.೪ರವರೆಗೆ ಏರುತ್ತದೆ. ಆಗ ರೋಧಕದ ಪಾಲಿಗೆ ಬರುವುದು ೫.೪ ವೋಲ್ಟು; ಹರಿಯುವುದು ೩೬ ಮಿಲಿಆಂಪಿಯರು. ಇಪ್ಪತ್ತನ್ನು ಹೊರಬೇಕಾದ ಹರಳು ಮೂವತ್ತಾರನ್ನು ಹೊತ್ತರೆ ಬೆನ್ನು ಮುರಿಯದಿರುತ್ತದೆಯೇ? ೧೪.೪ನ್ನೇ ಲೆಕ್ಕ ಹಿಡಿದವನು ೨೭೦ ಓಮ್ ಹಾಕುತ್ತಾನೆ. ಅವನ ಬಲ್ಬು ಬಾಳುತ್ತದೆ. ಅದಕ್ಕಿಂತ ಮೇಲು, ವೋಲ್ಟು ಏರಿದರೂ ಇಳಿದರೂ ಪ್ರವಾಹವನ್ನು ಒಂದೇ ಸಮವಾಗಿ ಕಾಯುವ ಬಲ್ಬು. ಡಬ್ಬಿಯ ಮೇಲೆ ೯ರಿಂದ ೧೬ ವೋಲ್ಟು ಎಂಬಂತೆ ವ್ಯಾಪ್ತಿ ಬರೆದಿದ್ದರೆ ಅದು ಇಂಥದ್ದೆಂದು ತಿಳಿಯಲು ಅವಕಾಶವುಂಟು.

ಇನ್ನೊಂದು ಎಚ್ಚರಿಕೆ. ಕೆಲವು ಹೊಸ ಕಾರುಗಳಲ್ಲಿ ಬಲ್ಬು ಸುಟ್ಟಿದೆಯೇ ಎಂದು ನೋಡುವ ಏರ್ಪಾಡು ಇದೆ. ಎಲ್‌ಇಡಿ ಬೇಡುವುದು ಬಹಳ ಕಡಿಮೆಯಾದ್ದರಿಂದ ಗಾಡಿ ಅದನ್ನು ಸುಟ್ಟ ಬಲ್ಬೆಂದು ಭಾವಿಸುತ್ತದೆ. ಇದನ್ನು ತಪ್ಪಿಸಲು ‘ಕ್ಯಾನ್‌ಬಸ್’ ಎಂಬ ಹೆಸರಿನಲ್ಲಿ ಹೆಚ್ಚಿನ ರೋಧಕವಿಟ್ಟ ಬಲ್ಬುಗಳು ಬರುತ್ತವೆ. ಆ ರೋಧಕ ಮಾಡುವ ಕೆಲಸವೆಂದರೆ ವಿದ್ಯುತ್ತನ್ನು ಬರಿದೇ ಶಾಖವಾಗಿಸುವುದು. ಗಾಡಿ ಅಂಥ ಬಲ್ಬನ್ನು ಬೇಡದಿದ್ದರೆ ಅದನ್ನು ಕೊಳ್ಳಕೂಡದು. ಮುಚ್ಚಿದ ಪ್ಲಾಸ್ಟಿಕ್ ಗೂಡಿನಲ್ಲಿ ಅದು ಹೊತ್ತು ಕಳೆದಂತೆ ಮುಚ್ಚಳವನ್ನೇ ಬಾಗಿಸಬಲ್ಲುದು.

ಬಲ್ಬನ್ನು ಬದಲಾಯಿಸುವ ಕ್ರಮ ಹೀಗೆ: ದೀಪವನ್ನು ಆರಿಸಿ, ಬಲ್ಬು ತಣ್ಣಗಾಗುವವರೆಗೆ ಕಾಯಬೇಕು. ಗಾಡಿಯ ಕೈಪಿಡಿಯಲ್ಲಿ ಒಳದೀಪದ ಫ್ಯೂಸು ಯಾವುದೆಂದು ನೋಡಿ ಅದನ್ನು ಕೀಳಬೇಕು. ಕೆಲವು ಗಾಡಿಗಳಲ್ಲಿ ರೇಡಿಯೋ ಮತ್ತು ಗಡಿಯಾರಗಳೂ ಅದೇ ಫ್ಯೂಸಿಗೆ ಸೇರಿರುತ್ತವೆ. ಗಡಿಯಾರವನ್ನು ಮತ್ತೆ ಸರಿಪಡಿಸಬೇಕಾದೀತು, ಅಷ್ಟೆ. ದೀಪದ ಮುಚ್ಚಳವನ್ನು ಉಕ್ಕಿನ ಸ್ಕ್ರೂಡ್ರೈವರಿನಿಂದ ಮೀಟದೆ ಪ್ಲಾಸ್ಟಿಕ್ಕಿನ ಚಪ್ಪಟೆ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಬೇಕು. ಫೆಸ್ಟೂನ್ ಬಲ್ಬನ್ನು ಒಂದು ಕಡೆಯ ಕ್ಲಿಪ್ಪನ್ನು ಸರಿಸಿ ತೆಗೆದು, ಹೊಸದನ್ನು ಕೂರಿಸಿ, ಫ್ಯೂಸನ್ನು ಹಾಕಿ ನೋಡಬೇಕು. ಹೊತ್ತಿಕೊಳ್ಳದಿದ್ದರೆ ಬಲ್ಬು ಕೆಟ್ಟಿದೆಯೆಂದು ಗಾಬರಿಯಾಗಬೇಕಾಗಿಲ್ಲ. ಎಲ್‌ಇಡಿಯಲ್ಲಿ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಮತ್ತೆ ಫ್ಯೂಸನ್ನು ತೆಗೆದು, ಬಲ್ಬನ್ನು ಹಿಂದುಮುಂದು ಮಾಡಿ ಕೂರಿಸಿದರೆ ಬಹುಮಟ್ಟಿಗೆ ಹೊತ್ತುತ್ತದೆ. ನಮ್ಮ ಗಾಡಿಯಲ್ಲಿ ಇದಿಷ್ಟಕ್ಕೆ ಕಾಲು ಗಂಟೆ ಸಾಕಾಯಿತು.

ಪಾದದ ಬಳಿಯ ದೀಪಕ್ಕೆ ಸ್ವಲ್ಪ ಹೆಚ್ಚಿನ ವಿವೇಚನೆ ಬೇಕು. ಇದಕ್ಕೆ ೧೨ ವೋಲ್ಟಿನ ಎಲ್‌ಇಡಿ ಪಟ್ಟಿ ಅನುಕೂಲ. ಮೀಟರಿಗೆ ೬೦ ಹರಳುಗಳಿರುವ ಪಟ್ಟಿಯನ್ನು ಮೂರು ಹರಳುಗಳಿಗೊಮ್ಮೆ, ಅಂದರೆ ಪ್ರತಿ ೫ ಸೆಂಟಿಮೀಟರಿಗೆ, ಗುರುತು ಮಾಡಿದ ಕಡೆ ಕತ್ತರಿಸಬಹುದು. ಮೀಟರಿಗೆ ೪.೮ ವಾಟಿನ ಪಟ್ಟಿಯಲ್ಲಿ ೩೦ ಸೆಂಟಿಮೀಟರು ಕತ್ತರಿಸಿಕೊಂಡರೆ ಸುಮಾರು ೧.೪ ವಾಟು, ಎಂದರೆ ೦.೧೨ ಆಂಪಿಯರು. ಎರಡು ಬದಿಗೆ ಎರಡು ತುಂಡು ಹಾಕಿದರೂ ಕಾಲು ಆಂಪಿಯರು ಮುಟ್ಟದು. ಪಟ್ಟಿಯನ್ನು ಡ್ಯಾಶ್‌ಬೋರ್ಡಿನ ಅಡಿಯಲ್ಲೂ ಆಸನದ ಅಡಿಯ ಅಂಚಿನಲ್ಲೂ, ಹರಳುಗಳು ಯಾರ ಕಣ್ಣಿಗೂ ನೇರವಾಗಿ ಕಾಣದಂತೆ, ನೆಲಕ್ಕೆ ಮುಖಮಾಡಿ ಅಂಟಿಸಬೇಕು.

ಇದು ಬಾಗಿಲು ತೆರೆದಾಗ ಮಾತ್ರ ಹೊತ್ತುವುದು ಹೇಗೆ? ಹಳೆಯ ಸಣ್ಣ ಕಾರುಗಳಲ್ಲಿ ಬಾಗಿಲಿನ ಚೌಕಟ್ಟಿನಲ್ಲಿ ಒಂದು ಗುಂಡಿಯಿರುತ್ತದೆ. ಒಳದೀಪಕ್ಕೆ ಧನ ವಿದ್ಯುತ್ತು ಸದಾ ಬರುತ್ತಿರುತ್ತದೆ. ಬಾಗಿಲು ತೆರೆದೊಡನೆ ಆ ಗುಂಡಿಯು ಋಣ ತಂತಿಯನ್ನು ಗಾಡಿಯ ಲೋಹದ ಮೈಗೆ ಸೇರಿಸುತ್ತದೆ. ಸುತ್ತು ಪೂರ್ಣವಾಗಿ ದೀಪ ಹೊತ್ತುತ್ತದೆ. ಆದ್ದರಿಂದ ಪಟ್ಟಿಯ ಧನ ತುದಿಯನ್ನು ಒಳದೀಪದ ಫ್ಯೂಸಿನಿಂದಲೂ, ಋಣ ತುದಿಯನ್ನು ಬಾಗಿಲಿನ ಗುಂಡಿಯ ತಂತಿಯಿಂದಲೂ ಪಡೆದರೆ ಹೊಸ ದೀಪವು ಹಳೆಯದರ ಜೊತೆಗೇ ಹೊತ್ತಿ ಜೊತೆಗೇ ಆರುತ್ತದೆ. ಯಾವ ತಂತಿ ಯಾವುದೆಂಬುದನ್ನು ಊಹಿಸದೆ ಮಲ್ಟಿಮೀಟರಿನಿಂದ ಪರೀಕ್ಷಿಸಿ ತಿಳಿಯಬೇಕು. ಹೊಸ ಕಾರುಗಳಲ್ಲಿ ಈ ಕೆಲಸವನ್ನು ಗಣಕದಂಥ ಒಂದು ಪೆಟ್ಟಿಗೆ ನಡೆಸುವುದುಂಟು; ಅಂಥ ಗಾಡಿಯಲ್ಲಿ ತಂತಿ ಕತ್ತರಿ ಹಿಡಿಯುವುದಕ್ಕಿಂತ ಬಲ್ಲ ಮೆಕ್ಯಾನಿಕ್ಕಿನ ಬಳಿಗೆ ಹೋಗುವುದು ವಿವೇಕ.

ಇಲ್ಲಿ ಫ್ಯೂಸಿನ ಮಾತನ್ನು ಒತ್ತಿ ಹೇಳಬೇಕಾಗಿದೆ. ೧೨ ವೋಲ್ಟು ಮನುಷ್ಯನನ್ನು ಹೊಡೆಯದು. ಆದಕಾರಣ ಅದು ನಿರಪಾಯವೆಂದು ಬಹುಮಂದಿ ತಿಳಿದಿದ್ದಾರೆ. ಮನುಷ್ಯನನ್ನು ಹೊಡೆಯದ ಆ ೧೨ ವೋಲ್ಟು ಗಾಡಿಯನ್ನು ಸುಡಬಲ್ಲುದು. ಬ್ಯಾಟರಿಯ ಧನ ತಂತಿಯೊಂದು ಸಿಪ್ಪೆ ಸವೆದು ಗಾಡಿಯ ಮೈಗೆ ತಾಗಿದರೆ ನೂರಾರು ಆಂಪಿಯರು ಒಮ್ಮೆಗೇ ನುಗ್ಗುತ್ತದೆ. ಸಣ್ಣ ತಂತಿ ಕೆಂಪಗೆ ಕಾದು ಪಕ್ಕದ ಸ್ಪಂಜಿಗೂ ಬಟ್ಟೆಗೂ ಬೆಂಕಿ ಹತ್ತಿಸುತ್ತದೆ. ಕಾಲು ಆಂಪಿಯರು ಬೇಡುವ ಪಟ್ಟಿಯನ್ನು ೧೫ ಆಂಪಿಯರಿನ ಫ್ಯೂಸಿನ ಹಿಂದೆ ನೇರವಾಗಿ ಕಟ್ಟಿದರೆ, ಆ ಫ್ಯೂಸು ಹಾರುವ ಮೊದಲೇ ಸಣ್ಣ ತಂತಿ ಕಾದು ಕರಗಬಹುದು. ಫ್ಯೂಸು ಕಾಯುವುದು ದೀಪವನ್ನಲ್ಲ, ತಂತಿಯನ್ನು, ಇದನ್ನು ಮರೆಯಕೂಡದು. ಇದಕ್ಕೆಂದೇ ‘ಫ್ಯೂಸ್ ಟ್ಯಾಪ್’ ಎಂಬ ಸಾಧನ ದೊರೆಯುತ್ತದೆ. ಅದನ್ನು ಮೂಲ ಫ್ಯೂಸಿನ ಜಾಗದಲ್ಲಿ ಕೂರಿಸಿ, ಅದರ ಒಂದು ಮನೆಯಲ್ಲಿ ಹಳೆಯ ಫ್ಯೂಸನ್ನೂ ಇನ್ನೊಂದರಲ್ಲಿ ಹೊಸ ದೀಪಕ್ಕಾಗಿ ೨ ಆಂಪಿಯರಿನದನ್ನೂ ಇಡಬಹುದು. ತಂತಿಯು ೦.೫ ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದಿರಲಿ. ಕೂಡಿಸಿದ ಕಡೆ ಬೆಸುಗೆಯೋ ಗಟ್ಟಿಯಾದ ಕ್ರಿಂಪೋ ಇದ್ದು, ಮೇಲೆ ಶಾಖಕ್ಕೆ ಮುದುಡುವ ಸ್ಲೀವು ಇರಲಿ. ಬರಿಯ ಟೇಪು ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಗಾಡಿಯ ಕಾವಿಗೆ ಅಂಟು ಬಿಡುತ್ತದೆ.

ತಂತಿಯನ್ನು ಎಳೆಯುವ ದಾರಿಯೂ ಮುಖ್ಯ. ಪೆಡಲುಗಳ ಹತ್ತಿರವಾಗಲಿ ಸ್ಟೀರಿಂಗಿನ ಕಂಬದ ಸುತ್ತವಾಗಲಿ ಅದು ಸುಳಿಯಕೂಡದು. ಜೋತುಬಿದ್ದ ಒಂದು ತಂತಿ ಬ್ರೇಕಿನ ಅಡಿಗೆ ಸಿಕ್ಕಿದರೆ ಆಗುವ ಅನಾಹುತ ಯಾವ ದೀಪದ ಸೊಗಸಿಗೂ ಸಮವಲ್ಲ. ಗಾಳಿಚೀಲವಿರುವ ಗಾಡಿಗಳಲ್ಲಿ ಮುಂದಿನ ಕಂಬಗಳ ಹೊದಿಕೆಯನ್ನು ಬಿಚ್ಚಲೇಬಾರದು. ಹಳದಿ ಬಣ್ಣದ ಕನೆಕ್ಟರು ಕಂಡರೆ ಅದು ಗಾಳಿಚೀಲಕ್ಕೆ ಸೇರಿದ್ದೆಂದು ತಿಳಿದು ದೂರ ನಿಲ್ಲಬೇಕು. ವಿದ್ಯುತ್ ಕಾರುಗಳ ವಿಷಯವಾಗಿಯೂ ಒಂದು ಮಾತು. ಬೆಂಗಳೂರಿನಲ್ಲೇ ತಯಾರಾಗಿ ೨೦೦೧ರಲ್ಲಿ ರಸ್ತೆಗಿಳಿದ ರೇವಾ ಕಾರು ೪೮ ವೋಲ್ಟಿನ ಬ್ಯಾಟರಿಗಳಿಂದ ಓಡುತ್ತಿತ್ತು. ಈಗಿನವು ನೂರಾರು ವೋಲ್ಟಿನವು. ಇವುಗಳಲ್ಲಿಯೂ ಒಳದೀಪಗಳು ೧೨ ವೋಲ್ಟಿನವೇ. ಆದರೆ ಕಿತ್ತಳೆ ಬಣ್ಣದ ದಪ್ಪ ತಂತಿಗಳು ಪ್ರಾಣಾಂತಿಕವಾದವು; ಅವುಗಳ ಸಮೀಪಕ್ಕೆ ಹವ್ಯಾಸಿಯ ಕೈ ಹೋಗಲೇಬಾರದು.

ಕಾಯಿದೆ ಏನು ಹೇಳುತ್ತದೆ? ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೦೮ನೆಯ ನಿಯಮವು ಮುಂದಕ್ಕೆ ಕೆಂಪು ಬೆಳಕನ್ನೂ ಹಿಂದಕ್ಕೆ ಕೆಂಪಲ್ಲದ ಬೆಳಕನ್ನೂ ತೋರಿಸಬಾರದೆಂದು ವಿಧಿಸಿ, ವಾಹನದ ಒಳದೀಪಕ್ಕೆ ವಿನಾಯಿತಿ ಕೊಟ್ಟಿದೆ. ಆ ವಿನಾಯಿತಿ ಒಳಗಿನ ಬೆಳಕಿಗೆ ಮಾತ್ರ. ಗಾಡಿಯ ಹೊಟ್ಟೆಯಡಿಯಲ್ಲಿ ನೀಲಿ ಪಟ್ಟಿ ಕಟ್ಟಿ ಮೆರೆಯುವವರಿಗಲ್ಲ. ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟುಗಳ ಮೇಲೆ ರಾಜ್ಯದ ಪೊಲೀಸರು ೨೦೨೪ರ ಜುಲೈ ತಿಂಗಳಿನಿಂದ ವಿಶೇಷವಾಗಿ ಪ್ರಕರಣಗಳನ್ನು ಹೂಡತೊಡಗಿದ್ದೂ ಪತ್ರಿಕೆಗಳಲ್ಲಿ ಬಂದಿದೆ. ಎದುರಿನವನ ಕಣ್ಣನ್ನು ಕುರುಡಾಗಿಸುವ ಬೆಳಕು ಅಪರಾಧವೆನಿಸಿದರೆ, ತನ್ನ ಕಣ್ಣನ್ನೇ ಕುರುಡಾಗಿಸುವ ಬೆಳಕು ಅವಿವೇಕವೆನಿಸುತ್ತದೆ.

ಕೆಲಸ ಮುಗಿದ ಮೇಲೆ ಮೀಟರಿನಿಂದ ನೋಡಿದಾಗ ಚಾವಣಿಯ ದೀಪವೂ ಎರಡು ಪಟ್ಟಿಗಳೂ ಸೇರಿ, ಹಿಂದೆ ಚಾವಣಿಯ ಬಲ್ಬೊಂದೇ ಎಳೆಯುತ್ತಿದ್ದ ಪ್ರವಾಹಕ್ಕಿಂತ ಕಡಿಮೆಯನ್ನೇ ಎಳೆಯುತ್ತಿದ್ದವು. ಆ ರಾತ್ರಿ ನಮ್ಮ ತಾಯಿಯವರು ಬಾಗಿಲು ತೆರೆದು, ಚಪ್ಪಡಿಯನ್ನು ನೋಡಿ, ನನ್ನ ಕೈಯನ್ನು ಕೇಳದೆ ಇಳಿದರು. ದೀಪದ ವಿಷಯ ಅವರೇನೂ ಮಾತನಾಡಲಿಲ್ಲ. ನೆಲ ಕಂಡಿತೆಂಬುದೇ ಅವರಿಗೆ ಸಾಕಾಗಿತ್ತು.

ಈ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಪರೀಕ್ಷೆಯನ್ನು ಸೂಚಿಸುತ್ತೇನೆ. ಇದಕ್ಕೆ ಯಾವ ಉಪಕರಣವೂ ಬೇಡ. ಕತ್ತಲಾದ ಮೇಲೆ ಬೀದಿದೀಪವಿಲ್ಲದ, ವಾಹನ ಸಂಚಾರವಿಲ್ಲದ ಕಡೆ ಗಾಡಿಯನ್ನು ನಿಲ್ಲಿಸಿ, ಚಾಲಕನ ಆಸನದಲ್ಲಿ ಹತ್ತು ನಿಮಿಷ ಸುಮ್ಮನೆ ಕೂತಿರಬೇಕು. ಆಮೇಲೆ ಹೊಸ ದೀಪವನ್ನು ಹೊತ್ತಿಸಿ ಮುಂದಿನ ಗಾಜಿನ ಆಚೆಗೆ ನೋಡಬೇಕು. ಹೊರಗಿನ ಮರದ ರೇಖೆ ಮೊದಲಿನಂತೆಯೇ ಕಂಡರೆ ಆ ದೀಪ ಓಡುವ ಗಾಡಿಯಲ್ಲೂ ಇರಬಹುದು. ಮರ ಮರೆಯಾಗಿ ತನ್ನ ಮುಖವೇ ಕಂಡರೆ, ಅದು ಬಾಗಿಲು ತೆರೆದಾಗ ಮಾತ್ರ ಉರಿಯತಕ್ಕ ದೀಪವೆಂದು ತಿಳಿದು ಹಾಗೆಯೇ ಜೋಡಿಸಬೇಕು. ನೆಲವನ್ನು ನೋಡಿದಾಗ ಕಾಲಿಡುವ ಜಾಗ, ಮನೆಯಲ್ಲಿರುವ ಅತ್ಯಂತ ಹಿರಿಯರ ಕಣ್ಣಿಗೂ ಸ್ಪಷ್ಟವಾಗಿ ಕಾಣುತ್ತದೆಯೇ ಎಂದು ಅವರನ್ನೇ ಕೂರಿಸಿ ಕೇಳಬೇಕು. ಈ ಎರಡು ಪ್ರಶ್ನೆಗಳಿಗೂ ಸರಿಯಾದ ಉತ್ತರ ಬಂದರೆ ಕೆಲಸ ಸಾರ್ಥಕ; ಬಾರದಿದ್ದರೆ ಬಲ್ಬನ್ನು ಬದಲಾಯಿಸುವುದಕ್ಕಿಂತ ಮೊದಲು ಅದರ ಜಾಗವನ್ನು ಬದಲಾಯಿಸಿ ನೋಡುವುದು ಒಳ್ಳೆಯದು.